ಮೊದಲು ರೋಗನಿದಾನ, ಅನಂತರ ಔಷಧ

ಮನುಷ್ಯನಿಗೆ ಕಾಯಿಲೆಯಾದರೆ ಬಲ್ಲ ವೈದ್ಯನು ಮೊದಲು ನಾಡಿಯನ್ನು ಹಿಡಿಯುತ್ತಾನೆ, ನಾಲಗೆಯನ್ನು ನೋಡುತ್ತಾನೆ, ಎಷ್ಟು ದಿನಗಳಿಂದ ಹೀಗಾಗಿದೆ, ಇದುವರೆಗೆ ಏನೇನು ಔಷಧವನ್ನು ಸೇವಿಸಿದೆ ಎಂದು ವಿಚಾರಿಸುತ್ತಾನೆ. ಔಷಧದ ಮಾತು ಕೊನೆಯದು. ದನಕರುಗಳ ವಿಷಯದಲ್ಲಿಯೂ ಇದೇ ಕ್ರಮವುಂಟು. ಪೈರಿನ ವಿಷಯದಲ್ಲಿ ಮಾತ್ರ ಈ ಕ್ರಮವು ತಲೆಕೆಳಗಾಗಿರುತ್ತದೆ. ಹೊಲದಲ್ಲಿ ನಾಲ್ಕು ಗಿಡಗಳು ಹಳದಿಯಾದುದನ್ನು ಕಂಡ ಕೂಡಲೆ ಬೇಸಾಯಗಾರನು ಔಷಧದ ಅಂಗಡಿಗೆ ನಡೆಯುತ್ತಾನೆ. ಗಿಡವು ಹೊಲದಲ್ಲಿಯೇ ಉಳಿಯುತ್ತದೆ; ಅದರ ವರ್ಣನೆಯು ಮಾತ್ರ ಅಂಗಡಿಗೆ ಹೋಗುತ್ತದೆ. ಅಲ್ಲಿ ಒಂದು ಸೀಸೆ, ಕೆಲವು ವೇಳೆ ಎರಡು ಮೂರು ಸೀಸೆಗಳು, ಕೈಗೆ ಬರುತ್ತವೆ. ಸಂಜೆಯೊಳಗೆ ‘ಎಣ್ಣಿ ಹೊಡೆದದ್ದು’ ಮುಗಿದಿರುತ್ತದೆ. ಗಿಡಕ್ಕೆ ತಗುಲಿದ್ದು ಹುಳುವೋ, ಬೂಷ್ಟೋ, ನಂಜೋ, ಅಥವಾ ಬರಿಯ ನೀರಿನ ಹೆಚ್ಚಳವೋ ಎಂಬ ಪ್ರಶ್ನೆಯು ಯಾರ ಬಾಯಿಂದಲೂ ಹೊರಟಿರುವುದಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ತಾಲೂಕುಗಳು ಈ ವಿಚಾರಕ್ಕೆ ಒಳ್ಳೆಯ ನಿದರ್ಶನಗಳಾಗಿವೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಯೋಜನೆಯ ಎಡದಂಡೆ ಕಾಲುವೆಯು ಸಿಂಧನೂರನ್ನು ಭತ್ತದ ಕಣಜವನ್ನಾಗಿ ಮಾಡಿತು. ಲಿಂಗಸುಗೂರಿನ ಕೆಲವು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೊರೆತಿದ್ದರೂ ಉಳಿದ ಭೂಮಿಯು ಮಳೆಯನ್ನೇ ನಂಬಿ ತೊಗರಿ, ಸಜ್ಜೆ, ಕಡಲೆಗಳನ್ನು ಬೆಳೆಯುವುದು. ಇವೆರಡು ಊರುಗಳ ನಡುವೆ ಇರುವ ಮಸ್ಕಿಯು ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದು ಇತ್ತೀಚೆಗೆ ತಾನೇ ತಾಲೂಕಿನ ಕೇಂದ್ರವಾಗಿದೆ. ಅದರ ಎರೆಹೊಲಗಳಲ್ಲಿ ಹತ್ತಿಯೂ ತೊಗರಿಯೂ ಕಾಣುತ್ತವೆ. ಹೀಗೆ ಒಂದೇ ಹೆದ್ದಾರಿಯ ಮೇಲೆ ಮೂರು ಬಗೆಯ ಬೇಸಾಯ, ಮೂರು ಬಗೆಯ ಶತ್ರುಗಳು. ಮೂರಕ್ಕೂ ಒಂದೇ ಉಪಾಯವೆಂದರೆ ಸೀಸೆಯೆಂದು ಜನರು ತಿಳಿದಿರುವುದೇ ಇಂದಿನ ಅನರ್ಥಕ್ಕೆ ಮೂಲ.

ಮೊದಲು ಸಿಂಧನೂರಿನ ಭತ್ತವನ್ನು ನೋಡಬಹುದು. ಇಲ್ಲಿನ ಗದ್ದೆಗಳಿಗೆ ಅತ್ಯಂತ ಭಯಂಕರವಾದುದು ಕಂದು ಜಿಗಿಹುಳು. ಕ್ಯಾಂಪುಗಳಲ್ಲಿ ನೆಲಸಿರುವ ತೆಲುಗು ಬೇಸಾಯಗಾರರು ಇದನ್ನು ‘ಸುಡಿದೋಮ’ ಎನ್ನುವರು. ಇದು ಎಲೆಯ ಮೇಲೆ ಕುಳಿತುಕೊಳ್ಳುವ ಹುಳುವಲ್ಲ. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಬುಡದಲ್ಲಿ, ನೆರಳಿನಲ್ಲಿ ಗುಂಪುಗೂಡಿ ರಸವನ್ನು ಹೀರುವುದು. ಮೇಲಿನಿಂದ ನೋಡಿದವನಿಗೆ ಗದ್ದೆಯು ಹಸಿರಾಗಿಯೇ ಕಾಣುತ್ತಿರುವುದು. ಒಂದು ದಿನ ನಡುವೆ ದುಂಡನೆಯ ಜಾಗವೊಂದು ಬೆಂಕಿ ತಗುಲಿದಂತೆ ಒಣಗಿ ನಿಲ್ಲುವುದು. ಆಗ ಗಾಬರಿಯಿಂದ ಪೈರಿನ ನೆತ್ತಿಯ ಮೇಲೆ ಔಷಧವನ್ನು ಸುರಿದರೆ ಬುಡದಲ್ಲಿರುವ ಹುಳುವಿಗೆ ಅದು ತಲುಪುವುದೇ ಇಲ್ಲ. ಅದರ ಮೊಟ್ಟೆಗಳು ಎಲೆಯ ಒರೆಯ ಒಳಗೆ ಹುದುಗಿರುವುದರಿಂದ ಅವುಗಳಿಗೂ ಅಪಾಯವಿಲ್ಲ. ಸಾಯತಕ್ಕವು ಯಾವುವೆಂದರೆ, ಈ ಹುಳುವನ್ನು ಹಿಡಿದು ತಿನ್ನುವ ಜೇಡಗಳು ಮತ್ತು ಇದರ ಮೊಟ್ಟೆಗಳ ರಸವನ್ನು ಹೀರುವ ಮಿರಿಡ್ ತಿಗಣೆಗಳು. ಕಾವಲುಗಾರನನ್ನು ಕೊಂದು ಕಳ್ಳನನ್ನು ಬಿಟ್ಟಂತಾಯಿತು. ಪೈರೆಥ್ರಾಯ್ಡ್ ವರ್ಗದ ಕೆಲವು ಔಷಧಗಳನ್ನು ಹೊಡೆದ ಗದ್ದೆಯಲ್ಲಿ ಕೆಲವು ವಾರಗಳೊಳಗೆ ಜಿಗಿಹುಳುವು ಮೊದಲಿಗಿಂತ ಹೆಚ್ಚಾಗುವುದೆಂಬುದು ಕೀಟಶಾಸ್ತ್ರಜ್ಞರು ಅನೇಕ ದೇಶಗಳಲ್ಲಿ ಕಂಡು ದೃಢಪಡಿಸಿದ ಸಂಗತಿಯಾಗಿದೆ.

ಇದಕ್ಕೆ ಶಾಸ್ತ್ರವು ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಹಣದ ಖರ್ಚಿಲ್ಲದವು. ಯೂರಿಯಾವನ್ನು ಮಿತಿಮೀರಿ ಹಾಕದೆ ಕಂತುಗಳಲ್ಲಿ ಕೊಡುವುದು. ನಾಟಿಯನ್ನು ಒತ್ತಾಗಿ ಮಾಡದೆ ಎರಡು ಮೂರು ಮೀಟರಿಗೊಂದು, ಸುಮಾರು 30 ಸೆಂಟಿಮೀಟರು ಅಗಲದ ಓಣಿಯನ್ನು ಬಿಡುವುದು. ಹುಳು ಕಂಡಾಗ ಮೂರು ನಾಲ್ಕು ದಿನ ನೀರನ್ನು ಬಸಿದು ಬುಡಕ್ಕೆ ಬೆಳಕನ್ನೂ ಗಾಳಿಯನ್ನೂ ಬಿಡುವುದು. ವಾರಕ್ಕೆರಡು ಸಲ ಬುಡವನ್ನು ಸೀಳಿ ನೋಡಿ, ಒಂದು ಬುಡಕ್ಕೆ 10ರಿಂದ 15 ಹುಳುಗಳಿಗಿಂತ ಹೆಚ್ಚಾದಾಗ ಮಾತ್ರ, ಗೊತ್ತಾದ ಔಷಧವನ್ನು ಬುಡಕ್ಕೆ ತಾಗುವಂತೆ ಸಿಂಪಡಿಸುವುದು. ಪೇಟೆಯಲ್ಲಿ ಬೆಲೆ ಚೆನ್ನಾಗಿರುವುದೆಂದು ವಿಶೇಷವಾಗಿ ಬೆಳೆಯುವ ಸೋನಾ ಮಸೂರಿಯು, ಅಂದರೆ ಬಿ.ಪಿ.ಟಿ. 5204 ತಳಿಯು, ಜಿಗಿಹುಳುವಿಗೂ ಬೆಂಕಿರೋಗಕ್ಕೂ ದುಂಡಾಣು ಅಂಗಮಾರಿಗೂ ಬೇಗನೆ ಈಡಾಗುವಂಥದು. ಆದುದರಿಂದ ಇದನ್ನು ಬೆಳೆಯುವವರಿಗೆ ಬುಡ ನೋಡುವ ಅಭ್ಯಾಸವು ಇನ್ನೂ ಅಗತ್ಯ.

ಔಷಧವನ್ನು ಕಡಮೆ ಮಾಡಿದರೆ ಪೈರು ಹಾಳಾದೀತೆಂದು ಅಂಜುವವರು ಇಂಡೊನೇಷ್ಯ ದೇಶದ ಚರಿತ್ರೆಯನ್ನು ತಿಳಿಯುವುದು ಒಳ್ಳೆಯದು. ಅಲ್ಲಿ ಸರ್ಕಾರವೇ ಕಡಮೆ ಬೆಲೆಗೆ ಕೀಟನಾಶಕಗಳನ್ನು ಒದಗಿಸುತ್ತಿದ್ದ ಕಾಲದಲ್ಲಿ ಕಂದು ಜಿಗಿಹುಳುವು ಮತ್ತೆ ಮತ್ತೆ ಎದ್ದು ಭತ್ತವನ್ನು ಸುಟ್ಟಿತು. 1986ರಲ್ಲಿ ಆ ದೇಶದ ಅಧ್ಯಕ್ಷರ ಆಜ್ಞೆಯಂತೆ ಭತ್ತದಲ್ಲಿ 57 ಬಗೆಯ ಕೀಟನಾಶಕಗಳ ಬಳಕೆಯು ನಿಷೇಧಿಸಲ್ಪಟ್ಟಿತು. ಅನಂತರ ಬೆಲೆಯ ಸಹಾಯವೂ ನಿಂತಿತು. 1989ರಿಂದ ರೈತರಿಗೆ ಗದ್ದೆಯ ಬದುವಿನಲ್ಲಿಯೇ ಹುಳುಗಳನ್ನು ಗುರುತಿಸಲು ಕಲಿಸುವ ಕ್ಷೇತ್ರಪಾಠಶಾಲೆಗಳು ಆರಂಭವಾದವು. ಭತ್ತದ ಇಳುವರಿಯು ಕುಗ್ಗಲಿಲ್ಲ. ಔಷಧದ ಖರ್ಚು ಮಾತ್ರ ಕುಗ್ಗಿತು. ಅಲ್ಲಿ ಗೆದ್ದದ್ದು ಹೊಸದೊಂದು ಔಷಧವಲ್ಲ, ನೋಡುವ ಕಣ್ಣು.

ಇನ್ನು ಲಿಂಗಸುಗೂರಿನ ತೊಗರಿ. ಇಲ್ಲಿ ರೋಗನಿದಾನವು ಇನ್ನೂ ಸೂಕ್ಷ್ಮವಾದ ಕೆಲಸ. ತೊಗರಿಯನ್ನು ಕೆಡಿಸುವ ಮೂವರು ಶತ್ರುಗಳಲ್ಲಿ ಒಂದು ಹುಳು, ಒಂದು ಬೂಷ್ಟು, ಒಂದು ನಂಜು. ಕಾಯಿಕೊರಕವು ತಲೆಯನ್ನು ಕಾಯಿಯೊಳಗಿಟ್ಟು ಮೈಯನ್ನು ಹೊರಗೆ ಚಾಚಿ ಕಾಳನ್ನು ತಿನ್ನುವುದರಿಂದ ಯಾರಿಗಾದರೂ ಗೊತ್ತಾಗುವುದು. ನೆಟೆ ರೋಗವಾದರೋ ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಬೂಷ್ಟಿನಿಂದ ಬೇರಿನ ಮೂಲಕ ಬರುವುದು. ಗಿಡವು ತೇವವಿದ್ದರೂ ಬಾಡುವುದು. ಕಾಂಡದ ಮೇಲೆ ಬುಡದಿಂದ ಮೇಲಕ್ಕೆ ನೇರಿಳೆ ಬಣ್ಣದ ಪಟ್ಟಿಯು ಏರುವುದು. ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪು ಗೆರೆಗಳು ಕಾಣುವುವು. ಗೊಡ್ಡು ರೋಗದಲ್ಲಿ ಗಿಡವು ಸಾಯುವುದಿಲ್ಲ. ತಿಳಿಹಸಿರಿನ ಸಣ್ಣ ಸಣ್ಣ ಎಲೆಗಳು ಪೊದೆಯಂತೆ ಬೆಳೆದು, ಹೂವನ್ನೇ ಬಿಡದೆ ನಿಲ್ಲುವುದು. ಇದು ಬರಿಗಣ್ಣಿಗೆ ಕಾಣದ ನುಸಿಯೊಂದು ಹೊತ್ತು ತರುವ ನಂಜು.

ನೆಟೆ ರೋಗಕ್ಕೆ ಹುಳುವಿನ ಔಷಧವನ್ನು ಹೊಡೆದರೆ ಹಣವು ಮಣ್ಣುಪಾಲು. ಗೊಡ್ಡು ರೋಗವು ಪೊದೆಗಟ್ಟಿದ ಮೇಲೆ ಎಷ್ಟು ಸಿಂಪಡಿಸಿದರೂ ಆ ಗಿಡವು ಕಾಯಿ ಕಟ್ಟುವುದಿಲ್ಲ. ಅದನ್ನು ಆರಂಭದಲ್ಲಿಯೇ ಕಿತ್ತು ನಾಶಮಾಡಬೇಕು, ಹಿಂದಿನ ವರ್ಷದ ಕೂಳೆ ತೊಗರಿಯನ್ನು ಬದುವಿನಲ್ಲಿ ಉಳಿಸಬಾರದು. ನೆಟೆಗೆ ಉಪಾಯವಿರುವುದು ಬಿತ್ತುವ ಮೊದಲೇ: ನಿರೋಧಕ ತಳಿಯ ಆಯ್ಕೆ, ಜೋಳದೊಡನೆ ಬೆಳೆ ಬದಲಾವಣೆ, ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮ ಪುಡಿಯ ಲೇಪ. ಕಾಯಿಕೊರಕಕ್ಕೂ ಹುಳು ಎಳೆಯದಿದ್ದಾಗಲೇ ಶೇಕಡ 5ರ ಬೇವಿನ ಬೀಜದ ಕಷಾಯ, ಎನ್.ಪಿ.ವಿ. ಎಂಬ ನಂಜಾಣುವಿನ ದ್ರಾವಣ ಮೊದಲಾದವು ಕೆಲಸಕ್ಕೆ ಬರುತ್ತವೆ; ಹುಳುವು ಬೆರಳಿನಷ್ಟು ಬೆಳೆದ ಮೇಲೆ ಪ್ರಬಲವಾದ ವಿಷಕ್ಕೂ ಅದು ಸುಲಭವಾಗಿ ಜಗ್ಗುವುದಿಲ್ಲ. ಆಗ ಕಲಬುರಗಿ ಸೀಮೆಯ ಹಳೆಯ ಒಕ್ಕಲಿಗರು ಮಾಡುತ್ತಿದ್ದಂತೆ ಕೆಳಗೆ ಬಟ್ಟೆಯನ್ನು ಹಿಡಿದು ಗಿಡವನ್ನು ಅಲುಗಿಸಿ ಹುಳುವನ್ನು ಉದುರಿಸಿ ಕೊಲ್ಲುವುದೇ ಲೇಸು. ಹೀಗೆ ಮೂರು ಪೀಡೆಗಳಿಗೆ ಮೂರು ಕಾಲ, ಮೂರು ಉಪಾಯ. ಇವನ್ನು ಬೇರೆ ಬೇರೆಯಾಗಿ ಗುರುತಿಸದೆ ಹೊಡೆದ ಎಣ್ಣಿಯು ಕತ್ತಲೆಯಲ್ಲಿ ಬಿಟ್ಟ ಬಾಣ.

ಈ ಗುರುತು ಸುಲಭವಾಗಿ ದೊರೆತುದಲ್ಲವೆಂಬುದನ್ನೂ ವಾಚಕರು ನೆನೆಯಬೇಕು. ನೆಟೆ ರೋಗದ ಬೂಷ್ಟನ್ನು ಕುರಿತು ಬಟ್ಲರ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಬಿಹಾರದಲ್ಲಿ ಅಭ್ಯಾಸ ಮಾಡಿದ್ದರು. ಗೊಡ್ಡು ರೋಗವು ಬಿಹಾರದ ಪೂಸಾದಲ್ಲಿ 1931ರಲ್ಲಿ ಮೊದಲು ವರ್ಣಿತವಾಯಿತು. ನುಸಿಯೇ ಅದರ ವಾಹಕವೆಂದು 1962ರಲ್ಲಿ ಗೊತ್ತಾಯಿತು. ನಂಜು ಯಾವುದೆಂದು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಹೊರದೇಶದ ಪಂಡಿತರ ಸಹಾಯದೊಡನೆ 2000ದ ಸುಮಾರಿಗೆ ಸ್ಥಿರಪಡಿಸಿದರು. ಸುಮಾರು 70 ವರ್ಷಗಳ ಶೋಧನೆಯಿಂದ ಲಭಿಸಿದ ಜ್ಞಾನವು ಬೇಸಾಯಗಾರನ ಹೊಲಕ್ಕೆ ಬಾರದೆ ಪುಸ್ತಕದ ಕಪಾಟಿನಲ್ಲಿ ನಿಂತರೆ ಅದಕ್ಕಿಂತ ದೊಡ್ಡ ನಷ್ಟವು ಬೇರೊಂದಿಲ್ಲ. 2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆಯ ತೊಗರಿಯು ನೆಟೆ ರೋಗಕ್ಕೆ ಸಿಕ್ಕಿ ಅಪಾರವಾಗಿ ಒಣಗಿದ್ದು ಈ ಮಾತಿಗೆ ಎಚ್ಚರಿಕೆಯ ಗಂಟೆಯಾಗಿದೆ.

ಮಸ್ಕಿಯ ಹತ್ತಿಯದು ಬೇರೊಂದು ಕಥೆ. ಗುಲಾಬಿ ಕಾಯಿಕೊರಕವು ಹಳೆಯ ವೈರಿ. 1842ರಲ್ಲಿ ಗುಜರಾತಿನ ಭರೂಚಿನಲ್ಲಿ ಹತ್ತಿಯನ್ನು ಕೆಡಿಸುತ್ತಿದ್ದ ಹುಳುಗಳನ್ನು ಕಂಡು ಮರುವರ್ಷ ಅದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟರು. 2002ರಲ್ಲಿ ಭಾರತದಲ್ಲಿ ಬಿ.ಟಿ. ಹತ್ತಿಗೂ, 2006ರಲ್ಲಿ ಎರಡು ಜೀನುಗಳಿರುವ ಎರಡನೆಯ ಬಗೆಗೂ ಅನುಮತಿ ದೊರೆತಾಗ ಕಾಯಿಕೊರಕಗಳ ಕಾಟವು ಮುಗಿಯಿತೆಂದು ಜನರು ನಂಬಿದರು. ಬಿ.ಟಿ. ಬೀಜದ ಪೊಟ್ಟಣದೊಡನೆ 120 ಗ್ರಾಂ ಸಾಮಾನ್ಯ ಬೀಜವನ್ನು ಬೇರೆಯಾಗಿ ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಿದರೆ ಹುಳುವಿನಲ್ಲಿ ನಿರೋಧಶಕ್ತಿಯು ಬೆಳೆಯುವುದು ತಡವಾಗುವುದೆಂಬುದು ಅದರ ಉದ್ದೇಶ. ಇದರ ಅರ್ಥವನ್ನು ತಿಳಿಸಿ ಹೇಳುವವರು ಸಾಕಷ್ಟು ಇಲ್ಲದುದರಿಂದ ಬಹುಮಂದಿ ಆ ಚಿಕ್ಕ ಪೊಟ್ಟಣವನ್ನು ಎಸೆದರು. ಗುಲಾಬಿ ಕಾಯಿಕೊರಕವು ಮೊದಲನೆಯ ಬಗೆಯ ಹತ್ತಿಯನ್ನು ಜೀರ್ಣಿಸಿಕೊಂಡುದು 2010ರ ಹೊತ್ತಿಗೆ ಗುಜರಾತಿನಲ್ಲಿ ಬಹಿರಂಗವಾಯಿತು. ಮುಂದಿನ ಐದಾರು ವರ್ಷಗಳಲ್ಲಿ ಎರಡನೆಯದೂ ಸೋಲತೊಡಗಿತು. ರಾಯಚೂರು ಸೀಮೆಯ ಹತ್ತಿಯೂ ಇದಕ್ಕೆ ಹೊರತಾಗಲಿಲ್ಲ.

ಈ ಹುಳುವು ಮೊಟ್ಟೆಯಿಂದ ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಕಾಯಿಯನ್ನು ಹೊಕ್ಕು ಬಾಗಿಲನ್ನು ಮುಚ್ಚಿಕೊಳ್ಳುವುದರಿಂದ ಅನಂತರ ಹೊಡೆದ ಔಷಧವು ಅದಕ್ಕೆ ತಾಗಲಾರದು. ಇದಕ್ಕೆ ನಿಜವಾದ ಔಷಧವೆಂದರೆ ಪಂಚಾಂಗ. ಹತ್ತಿಯನ್ನು ಡಿಸೆಂಬರ್ ಕೊನೆಯೊಳಗೆ ಮುಗಿಸಿ, ನೀರಿದೆಯೆಂದು ಬೇಸಗೆಯವರೆಗೆ ಎಳೆಯದೆ, ಕಟ್ಟಿಗೆಯನ್ನೂ ಉಳಿದ ಕಾಯಿಗಳನ್ನೂ ಹೊಲದಲ್ಲಿ ಬಿಡದೆ ನಾಶಮಾಡಿದರೆ ಹುಳುವಿಗೆ ಮುಂದಿನ ಹಂಗಾಮಿನವರೆಗೆ ಅನ್ನವಿಲ್ಲ. ಹಂಗಾಮಿನಲ್ಲಿ ಮೋಹಕ ಬಲೆಗಳನ್ನು ಕಟ್ಟಿ, ಒಂದು ಬಲೆಗೆ ದಿನಕ್ಕೆ 8 ಪತಂಗಗಳಂತೆ ಸತತವಾಗಿ ಮೂರು ದಿನ ಬಿದ್ದಾಗ, ಅಥವಾ ನೂರರಲ್ಲಿ ಹತ್ತು ಹೂಗಳು ಅರಳದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡಾಗ ಸಿಂಪರಣೆಯ ಕಾಲವೆಂದು ತಿಳಿಯತಕ್ಕದ್ದು. ಆದರೆ ಒಬ್ಬನು ಕಟ್ಟಿಗೆಯನ್ನು ಕಿತ್ತು ನೆರೆಯವನು ಏಪ್ರಿಲ್‌ವರೆಗೆ ಹತ್ತಿಯನ್ನು ನಿಲ್ಲಿಸಿದರೆ ಪ್ರಯೋಜನವಿಲ್ಲ. ಪತಂಗಕ್ಕೆ ಬದುವಿನ ಗಡಿಯು ತಿಳಿಯದು. ಅಮೆರಿಕದ ಸಂಯುಕ್ತ ಸಂಸ್ಥಾನದ ಹತ್ತಿ ಬೆಳೆಗಾರರು ತಾವೇ ಮತ ನೀಡಿ, ಖರ್ಚಿನಲ್ಲಿ ಪಾಲುಗೊಂಡು, ಬಿ.ಟಿ. ಹತ್ತಿ, ಬಂಜೆ ಪತಂಗಗಳ ಬಿಡುಗಡೆ, ಕಟ್ಟಿಗೆಯ ನಾಶ ಇವುಗಳನ್ನು ಏಕಕಾಲದಲ್ಲಿ ನಡೆಯಿಸಿದುದರಿಂದ 2018ರಲ್ಲಿ ಆ ದೇಶದ ಹತ್ತಿಯ ಸೀಮೆಗಳಿಂದ ಈ ಹುಳುವು ನಿರ್ಮೂಲವಾಯಿತೆಂದು ಸರ್ಕಾರವು ಘೋಷಿಸಿತು. ಊರೊಟ್ಟಿನ ಬಲಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

ಮೇಲೆ ಹೇಳಿದ ತಿಳಿವಳಿಕೆಯು ಈ ಪ್ರಾಂತಕ್ಕೆ ದೂರದ ಸರಕಲ್ಲ. ರಾಯಚೂರಿನಲ್ಲಿ 2009ರಿಂದ ಪ್ರತ್ಯೇಕವಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅದರ ಕೀಟಶಾಸ್ತ್ರ ಮತ್ತು ಸಸ್ಯರೋಗಶಾಸ್ತ್ರ ವಿಭಾಗಗಳು ಹತ್ತಿ, ತೊಗರಿ, ಭತ್ತಗಳ ಪೀಡೆಗಳನ್ನು ಕುರಿತು ನಿರಂತರವಾಗಿ ಕೆಲಸ ಮಾಡುತ್ತಿವೆ. ನೆಟೆ ರೋಗವನ್ನು ತಡೆಯುವ ಟಿ.ಎಸ್. 3 ಆರ್ ಎಂಬ ತೊಗರಿ ತಳಿಯು ಈ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರದಿಂದ ಬಂದುದು. ಆಹಾರ ಪದಾರ್ಥಗಳಲ್ಲಿ ಉಳಿದಿರುವ ಕೀಟನಾಶಕದ ಅಂಶವನ್ನು ಅಳೆಯುವ ಪ್ರಯೋಗಶಾಲೆಯು ರಾಯಚೂರಿನ ಆವರಣದಲ್ಲಿಯೇ ಇದೆ. ಹೊಲದಲ್ಲಿ ನಿಂತು ಪೀಡೆಯನ್ನು ಗುರುತಿಸಿ ಸಲಹೆ ಕೊಡುವುದಕ್ಕೆ ‘ಇ-ಸ್ಯಾಪ್’ ಎಂಬ ಯಂತ್ರಸಾಧನವನ್ನು ಕೀಟಶಾಸ್ತ್ರ ವಿಭಾಗದವರು ರೂಪಿಸಿ ವಿಸ್ತರಣಾ ಕಾರ್ಯಕರ್ತರ ಕೈಗೆ ಕೊಟ್ಟರು. ಲಿಂಗಸುಗೂರಿನಲ್ಲಿ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಶಿಕ್ಷಣ ಕೇಂದ್ರವೂ ಉಂಟು. ಇವೆಲ್ಲ ನಿಸ್ಸಂದೇಹವಾಗಿ ಮೆಚ್ಚತಕ್ಕ ಕಾರ್ಯಗಳು.

ಆದರೂ ಒಂದು ಮಾತನ್ನು ಹೇಳಲೇಬೇಕು. ವಿಭಾಗವೊಂದರ ಸಾಧನೆಯನ್ನು ಅದು ಪ್ರಕಟಿಸಿದ ಲೇಖನಗಳಿಂದಲೂ ನಡೆಯಿಸಿದ ತರಬೇತಿಗಳ ಸಂಖ್ಯೆಯಿಂದಲೂ ಅಳೆದರೆ ಸಾಲದು. ಅದರ ಸಲಹೆಯು ಸಿಂಪರಣೆಗಿಂತ ಮೊದಲು ಹೊಲವನ್ನು ಮುಟ್ಟಿತೇ, ಆಮೇಲೆ ಮುಟ್ಟಿತೇ ಎಂಬುದೇ ನಿಜವಾದ ಅಳತೆ. ಈ ಅಳತೆಯಲ್ಲಿ ಹಿಂದಿನವರ ಉದಾಹರಣೆಯು ಬೋಧಪ್ರದವಾಗಿದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ನರು ಕೀಟಗಳಿಗೂ ಸಸ್ಯರೋಗಗಳಿಗೂ ಒಬ್ಬರೇ ಪಂಡಿತರಾಗಿದ್ದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಬೂಷ್ಟನ್ನು ಅವರು ಮೊದಲು ಗುರುತಿಸಿದರು. ಅದು ಮಳೆಗಾಲದಲ್ಲಿ ಹಬ್ಬುವ ರೀತಿಯನ್ನು ತಿಳಿದರು. ಆಮೇಲೆಯೇ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಗೊನೆಗೆ ಹೊಡೆಯಬೇಕೆಂದು ವಿಧಿಸಿದರು. ಶತಮಾನವು ಕಳೆದರೂ ಆ ಪದ್ಧತಿಯು ಮಲೆನಾಡಿನಲ್ಲಿ ಬಳಕೆಯಲ್ಲಿದೆ. ನಿದಾನವು ಸರಿಯಾದಲ್ಲಿ ಔಷಧವು ಅಗ್ಗದ್ದಾದರೂ ಬಹುಕಾಲ ಬಾಳುವುದೆಂಬುದಕ್ಕೆ ಇದೇ ಪ್ರಮಾಣ.

ಇಂದಿನ ಕೊರತೆಯು ವಿದ್ಯೆಯದಲ್ಲ, ದಾರಿಯದು. ರಾಯಚೂರಿನಿಂದ ಈ ಮೂರು ಊರುಗಳು ಸುಮಾರು 80ರಿಂದ 90 ಕಿಲೋಮೀಟರು ದೂರ. ಅಂಗಡಿಯಾದರೋ ಹೋಬಳಿಗೆ ಹತ್ತಿರ. ಅಂಗಡಿಯವನು ಔಷಧವನ್ನು ಉದ್ರಿ ಕೊಡುತ್ತಾನೆ, ಸುಗ್ಗಿಯವರೆಗೆ ಕಾಯುತ್ತಾನೆ. ವಿಶೇಷವಾಗಿ ಲಾವಣಿಗೆ ಗದ್ದೆ ಹಿಡಿದು ಮಾಡುವವನಿಗೆ ಇದು ದೊಡ್ಡ ಆಧಾರ. ಹೀಗಿರುವಲ್ಲಿ ಅಂಗಡಿಯವನನ್ನು ದೂಷಿಸಿ ಫಲವಿಲ್ಲ. ಅವರಲ್ಲಿಯೂ ಓದಿ ತಿಳಿದವರುಂಟು. 2003ರಿಂದ ಕೃಷಿ ಪರಿಕರಗಳ ಮಾರಾಟಗಾರರಿಗಾಗಿಯೇ ಒಂದು ವರ್ಷದ ‘ದೇಸಿ’ ಡಿಪ್ಲೊಮಾ ಶಿಕ್ಷಣವೂ ನಡೆಯುತ್ತಿದೆ. ಆದರೆ ಮಾರುವವನೇ ನಿದಾನ ಮಾಡುವವನೂ ಆದಾಗ ‘ಈ ಸಲ ಏನೂ ಹೊಡೆಯಬೇಡಿರಿ’ ಎಂಬ ಸಲಹೆಯು ಹೊರಡುವುದು ಎಷ್ಟು ಕಷ್ಟವೆಂಬುದನ್ನು ಯಾರೂ ಊಹಿಸಬಹುದು. ಅನೇಕ ಸಂದರ್ಭಗಳಲ್ಲಿ ಪೈರಿಗೆ ಬೇಕಾದುದು ಆ ಒಂದು ಸಲಹೆಯೇ.

ಆದಕಾರಣ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳಲ್ಲಿ ಸಂತೆಯ ದಿನ ಪೈರಿನ ನಿದಾನಕೇಂದ್ರವು ತೆರೆಯುವಂತೆ ವಿಶ್ವವಿದ್ಯಾಲಯವೂ ಕೃಷಿ ಇಲಾಖೆಯೂ ಕೂಡಿ ಏರ್ಪಡಿಸುವುದು ಯುಕ್ತವಾಗಿದೆ. ಇದಕ್ಕೆ ಕಟ್ಟಡವು ಬೇಡ. ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಒಂದು ಭೂತಗನ್ನಡಿ, ಕೀಟಶಾಸ್ತ್ರದ ಒಬ್ಬರು, ಸಸ್ಯರೋಗಶಾಸ್ತ್ರದ ಒಬ್ಬರು ಇದ್ದರೆ ಸಾಕು. ಬೇಸಾಯಗಾರನು ತಂದ ಗಿಡವನ್ನು ನೋಡಿ, ರೋಗದ ಹೆಸರು, ಈಗ ಮಾಡತಕ್ಕದ್ದು, ಮಾಡಬಾರದ್ದು ಇವನ್ನು ಒಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆದು ಕೊಡಬೇಕು. ಅಲ್ಲಿ ಯಾವುದನ್ನೂ ಮಾರಕೂಡದು. ಇದು ಮುಖ್ಯವಾದ ನಿಯಮ. ದಕ್ಷಿಣ ಅಮೆರಿಕದ ಬೊಲಿವಿಯದಲ್ಲಿ 2003ರಲ್ಲಿ ಇಂಥ ಪೈರಿನ ಚಿಕಿತ್ಸಾಲಯಗಳು ಹುಟ್ಟಿದವು. ಕ್ಯಾಬಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2011ರಿಂದ ಅವನ್ನು ಅನೇಕ ದೇಶಗಳಿಗೆ ಹಬ್ಬಿಸಿತು. ಪ್ರತಿ ವಾರದ ಚೀಟಿಗಳ ಪ್ರತಿಗಳು ರಾಯಚೂರಿನ ವಿಭಾಗಗಳಿಗೆ ಹೋದರೆ ಯಾವ ಪೀಡೆ ಎಲ್ಲಿ ಏಳುತ್ತಿದೆ, ಯಾವ ಔಷಧ ಎಲ್ಲಿ ಸೋಲುತ್ತಿದೆ ಎಂಬುದು ಪಂಡಿತರಿಗೂ ಮೊದಲೇ ತಿಳಿಯುವುದು. ಸಂತೆಯು ಕಲಿಸುವುದನ್ನು ಪ್ರಯೋಗಶಾಲೆಯೂ ಕಲಿಯಬೇಕಾದುದುಂಟು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಅಷ್ಟು ಜನ ಸಿಬ್ಬಂದಿ ಎಲ್ಲಿದ್ದಾರೆ ಎಂಬುದು ಮೊದಲನೆಯದು. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ಬಂದಿರುವುದು ಪಠ್ಯಕ್ರಮದಲ್ಲಿಯೇ ಇದೆ. ಸ್ನಾತಕೋತ್ತರ ವಿದ್ಯಾರ್ಥಿಗಳೂ ಇದ್ದಾರೆ. ಅವರು ಪ್ರತಿ ವಾರ ಒಬ್ಬ ಅಧ್ಯಾಪಕರೊಡನೆ ಮೇಜಿನ ಮುಂದೆ ಕುಳಿತರೆ ರೈತನಿಗೂ ಉಪಕಾರ, ವಿದ್ಯಾರ್ಥಿಗೂ ಪರೀಕ್ಷೆಗಿಂತ ಹೆಚ್ಚಿನ ಶಿಕ್ಷಣ. ಹೋಬಳಿಗಳ ರೈತ ಸಂಪರ್ಕ ಕೇಂದ್ರಗಳ ಸಹಾಯವೂ ದೊರೆಯುವುದು. ಕೈಯಲ್ಲಿ ದೂರವಾಣಿಯಿರುವಾಗ, 2004ರಿಂದ ಕಿಸಾನ್ ಕರೆ ಕೇಂದ್ರವೂ ಇರುವಾಗ, ಮೇಜು ಏತಕ್ಕೆ ಎಂಬುದು ಎರಡನೆಯ ಆಕ್ಷೇಪ. ದೂರವಾಣಿಯ ಉಪಕಾರವನ್ನು ಯಾರೂ ಅಲ್ಲಗಳೆಯರು. ಆದರೆ ಎಲೆಯ ಚಿತ್ರವು ಬೇರನ್ನು ತೋರಿಸದು. ನೆಟೆಯನ್ನು ನಿರ್ಧರಿಸಲು ಕಾಂಡವನ್ನು ಸೀಳಬೇಕು, ನುಸಿಯನ್ನು ಕಾಣಲು ಕನ್ನಡಿಯನ್ನು ಹಿಡಿಯಬೇಕು, ಜಿಗಿಹುಳುವನ್ನು ಎಣಿಸಲು ಬುಡವನ್ನು ಬಾಗಿಸಬೇಕು.

ಬೇಸಾಯಗಾರರ ಕಡೆಯಿಂದಲೂ ಕೆಲವು ಕರ್ತವ್ಯಗಳು ನಡೆಯಬೇಕಾಗಿವೆ. ಸಲಹೆ ಕೇಳಲು ಬರುವವರು ಒಂದು ಎಲೆಯನ್ನಲ್ಲ, ಬೇರುಸಹಿತವಾದ ಎರಡು ಮೂರು ಗಿಡಗಳನ್ನು, ರೋಗ ತಗುಲಿದುದನ್ನೂ ತಗುಲದುದನ್ನೂ, ತರಬೇಕು. ಇದುವರೆಗೆ ಏನೇನು ಹೊಡೆದಾಯಿತೆಂಬುದನ್ನು ಮುಚ್ಚಿಡದೆ ಹೇಳಬೇಕು. ಎರಡು ಮೂರು ಔಷಧಗಳನ್ನು ಒಂದೇ ಡಬ್ಬಿಯಲ್ಲಿ ಬೆರಸುವ ದುರಭ್ಯಾಸವನ್ನು ಬಿಡಬೇಕು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡಿ ವಿಷದ ತೀವ್ರತೆಯನ್ನು ತಿಳಿಯಬೇಕು: ಕೆಂಪು ಅತ್ಯಂತ ಘೋರ, ಅನಂತರ ಹಳದಿ, ನೀಲಿ, ಹಸಿರು. ಬರಿಮೈಯಲ್ಲಿ, ಗಾಳಿಗೆ ಎದುರಾಗಿ ಸಿಂಪಡಿಸುವ ಕೂಲಿಯವನ ಜೀವವೂ ಜೀವವೇ ಎಂಬುದನ್ನು ಮರೆಯಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಹತ್ತಿಯ ಕಟ್ಟಿಗೆಯನ್ನು ಕೀಳುವ ದಿನವನ್ನೂ, ಒಂದು ಉಪಕಾಲುವೆಯ ಕೆಳಗೆ ನಾಟಿ ಮಾಡುವ ವಾರವನ್ನೂ ಊರವರು ಕೂಡಿ ಗೊತ್ತುಮಾಡಿಕೊಳ್ಳಬೇಕು.

ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನವು 1915ರಲ್ಲಿ ಬೆಳಕಿಗೆ ಬಂದು ದೇಶಕ್ಕೆಲ್ಲ ಪ್ರಸಿದ್ಧವಾಯಿತು. ಜನರಿಗೆ ಹೇಳಬೇಕಾದ ಹಿತವನ್ನು ಆ ಅರಸನು ಅರಮನೆಯಲ್ಲಿಟ್ಟುಕೊಳ್ಳದೆ ದೂರದ ಈ ಸೀಮೆಯವರೆಗೆ ಕಳುಹಿಸಿ ಕಲ್ಲಿನ ಮೇಲೆ ಬರೆಯಿಸಿದನು. ಇಂದಿನ ವಿದ್ಯಾಲಯಗಳಿಗೆ ಕಲ್ಲು ಬೇಡ. ವಾರಕ್ಕೊಂದು ದಿನ, ಸಂತೆಯ ಮೂಲೆಯಲ್ಲಿ ಒಂದು ಮೇಜು ಸಾಕು. ಆ ಮೇಜಿನ ಮುಂದೆ ಹಳದಿಯಾದ ಗಿಡವನ್ನು ಹಿಡಿದು ನಿಂತವನು ಸೀಸೆಯಿಲ್ಲದೆ, ಒಂದು ಚೀಟಿಯೊಡನೆ, ಸಾಲವನ್ನು ಹೆಚ್ಚಿಸಿಕೊಳ್ಳದೆ ಮನೆಗೆ ಹಿಂದಿರುಗಿದ ದಿನವೇ ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ ವಿಭಾಗಗಳ ಶ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.